ಅಗಸಿ, ಎಳ್ಳು ಮತ್ತು ಅವ್ವನ ಎದೆ



ದಢೇಸುಗೂರು ಸೇತುವೆಯ ಈಚೆಗಿನ ಊರುಗಳಿಂದ, ಸಿಂಧನೂರು ಸುತ್ತಲಿನ ಕ್ಯಾಂಪುಗಳಿಂದ ನನ್ನ ಬಳಿ ತೋರಿಸಿಕೊಳ್ಳಲು ಬರುವ ಗಂಡಸರು ಈಚೆಗೆ ಒಂದು ಪ್ರಶ್ನೆಯನ್ನು ದನಿ ತಗ್ಗಿಸಿ ಕೇಳುತ್ತಾರೆ. "ಅಗಸಿಯೊಳಗ ಹೆಣ್ಣಿನ ಹಾರ್ಮೋನು ಇರ್ತದಂತಲ್ರಿ ಡಾಕ್ಟರಮ್ಮ, ನಾವು ತಿಂದ್ರ ಏನರ ತ್ರಾಸು ಆಗ್ತದೇನ್ರಿ?" ಮೊಬೈಲಿನಲ್ಲಿ ಬಂದ ಯಾವುದೋ ವಿಡಿಯೊ ನೋಡಿ, ಹುಟ್ಟಿದಾಗಿನಿಂದ ತಿಂದ ಅಗಸಿ ಚಟ್ನಿಯನ್ನು ಬಿಟ್ಟವರಿದ್ದಾರೆ. ಅವರ ಮನೆಯ ಹೆಂಗಸರು ಇನ್ನೊಂದು ವಿಡಿಯೊ ನೋಡಿರುತ್ತಾರೆ. ಬಿಪಿ ಗುಳಿಗೆ ನಿಲ್ಲಿಸಿ, ಬೆಳಿಗ್ಗೆ ಎದ್ದು ಬರಿ ಹೊಟ್ಟೆಗೆ ಒಂದು ಹಿಡಿ ಅಗಸಿ ನುಂಗುತ್ತಿರುತ್ತಾರೆ. ಗಂಡಸರದು ಬೇಡದ ಅಂಜಿಕೆ. ಹೆಂಗಸರದು ಜೀವಕ್ಕೆ ಕುತ್ತು ತರುವ ನಂಬಿಕೆ. ಇವತ್ತು ಈ ಎರಡನ್ನೂ ಬಿಡಿಸಿ ಹೇಳಬೇಕೆಂದು ಬಂದಿದ್ದೇನೆ.

ಅಗಸೆಯಲ್ಲಿ ಹೆಣ್ಣಿನ ಹಾರ್ಮೋನು ಇಲ್ಲ. ಆದರೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ನನ್ನು ಅಷ್ಟಿಷ್ಟು ಹೋಲುವ ವಸ್ತುಗಳು ಅಗಸೆ, ಎಳ್ಳು, ಸೋಯಾ ಮತ್ತು ಸ್ವಲ್ಪ ಮಟ್ಟಿಗೆ ಕಡಲೆಯಲ್ಲಿ ಇವೆ. ಇವನ್ನು ಸಸ್ಯ ಈಸ್ಟ್ರೋಜೆನ್ ಎನ್ನುತ್ತಾರೆ. ಇವುಗಳ ಶಕ್ತಿ ಜಗತ್ತಿಗೆ ಮೊದಲು ತಿಳಿದದ್ದು ಕುರಿಗಳಿಂದ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಾವಿರಾರು ಕುರಿಗಳು ಗಬ್ಬ ಕಟ್ಟಲಿಲ್ಲ, ಕಟ್ಟಿದವು ಈಯಲಾರದೆ ಸತ್ತವು. ರೋಗ ಹುಡುಕಿದರು, ಸಿಗಲಿಲ್ಲ. ಕೊನೆಗೆ 1946ರಲ್ಲಿ ಬೆನೆಟ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬೆರಳು ತೋರಿಸಿದ್ದು ಮೇವಿನ ಕಡೆಗೆ. ಕ್ಲೋವರ್ ಎಂಬ ಹುಲ್ಲುಗಾವಲಿನ ಗಿಡದಲ್ಲಿದ್ದ ಒಂದು ವಸ್ತು ಕುರಿಯ ಹೊಟ್ಟೆಯಲ್ಲಿ ಮಾರ್ಪಟ್ಟು ಈಸ್ಟ್ರೋಜೆನ್ನಿನಂತೆ ಕೆಲಸ ಮಾಡಿತ್ತು. ಆ ಕುರಿಗಳಿಗೆ ತಿಂಗಳುಗಟ್ಟಲೆ ಅದೊಂದೇ ಮೇವು ಎಂಬುದನ್ನು ಮರೆಯಬಾರದು. ರೊಟ್ಟಿಯ ಅಂಚಿಗೆ ಒಂದು ಚಮಚ ಚಟ್ನಿ ಹಚ್ಚಿಕೊಳ್ಳುವ ಮನುಷ್ಯನ ಲೆಕ್ಕವೇ ಬೇರೆ.

ಸಸ್ಯ ಈಸ್ಟ್ರೋಜೆನ್ ಕೆಲಸ ಮಾಡುವ ಬಗೆಯನ್ನು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ತೂಬಿನ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ನಿಜವಾದ ಈಸ್ಟ್ರೋಜೆನ್ ತೂಬಿನ ಗೇಟನ್ನು ಪೂರ್ತಿ ಎತ್ತುತ್ತದೆ. ಸಸ್ಯದ್ದು ಬೆರಳಷ್ಟು ಮಾತ್ರ ಎತ್ತುತ್ತದೆ. ಅದರ ಬಲ ನೂರು ಪಾಲು, ಕೆಲವೊಮ್ಮೆ ಸಾವಿರ ಪಾಲು ಕಡಿಮೆ. ಮೈಯಲ್ಲಿ ನಿಜವಾದ ಹಾರ್ಮೋನು ತುಂಬಿದ್ದಾಗ ಈ ದುರ್ಬಲ ವಸ್ತು ಗೇಟಿನ ಹತ್ತಿರ ನಿಂತು ನೀರನ್ನು ತುಸು ತಡೆಯಲೂಬಹುದು. ಹಾರ್ಮೋನು ಬತ್ತಿದಾಗ ಅದೇ ವಸ್ತು ಒಂದಿಷ್ಟು ನೀರು ಬಿಡಬಹುದು. ಒಂದೇ ಕಾಳು ಇಪ್ಪತ್ತೈದರ ಹೆಣ್ಣುಮಗಳ ಮೈಯಲ್ಲಿ ಒಂದು ಬಗೆ, ಐವತ್ತೈದರ ತಾಯಿಯ ಮೈಯಲ್ಲಿ ಇನ್ನೊಂದು ಬಗೆ, ಗಂಡಸಿನ ಮೈಯಲ್ಲಿ ಮತ್ತೊಂದು ಬಗೆ ವರ್ತಿಸುವುದಕ್ಕೆ ಇದು ಒಂದು ಕಾರಣ.

ಈಗ ಎದೆಯ ವಿಷಯ. ಗಂಡಸಿಗೂ ಹೆಂಗಸಿಗೂ ಹೃದಯ ಒಂದೇ ಬಗೆಯದು, ಆದರೆ ಅದಕ್ಕೆ ರೋಗ ಬರುವ ಹೊತ್ತು ಬೇರೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ ಹೆಂಗಸರಿಗೆ ಮೊದಲ ಹೃದಯಾಘಾತವಾದದ್ದು ಗಂಡಸರಿಗಿಂತ ಸುಮಾರು 9 ವರ್ಷ ತಡವಾಗಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಅವರೂ ಈ ಅಧ್ಯಯನದಲ್ಲಿದ್ದರು. ಅದೇ ಅಂಕಿಗಳಿಂದ 2007ರಲ್ಲಿ ಹೊರಬಂದ ಇನ್ನೊಂದು ಮಾತು ನಮ್ಮನ್ನು ನೇರವಾಗಿ ತಟ್ಟುತ್ತದೆ. ಬೇರೆ ದೇಶದವರಿಗೆ ಮೊದಲ ಹೃದಯಾಘಾತ 59ರ ಸುಮಾರಿಗೆ ಬಂದರೆ, ಭಾರತ ಮತ್ತು ನೆರೆಯ ದೇಶಗಳವರಿಗೆ 53ರ ಸುಮಾರಿಗೇ ಬಂದಿತ್ತು. ಅಂದರೆ ದುಡಿಯುವ ವಯಸ್ಸಿನಲ್ಲಿ, ಮಕ್ಕಳ ಮದುವೆ ಇನ್ನೂ ಮುಗಿಯದ ವಯಸ್ಸಿನಲ್ಲಿ.

ಹೆಂಗಸಿಗೆ ಸಿಕ್ಕ ಆ ಕೆಲವು ವರ್ಷಗಳ ರಿಯಾಯಿತಿ ಎಲ್ಲಿಂದ ಬಂತು? ಮುಟ್ಟಾಗುವ ವರ್ಷಗಳಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಯಕೃತ್ತಿಗೆ ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ಎಳೆದುಕೊಳ್ಳಲು ನೆರವಾಗುತ್ತದೆ. ರಕ್ತನಾಳದ ಒಳಗೋಡೆಯನ್ನು ಮೆತ್ತಗೆ, ಹಿಗ್ಗುವಂತೆ ಇಡುತ್ತದೆ. ಮುಟ್ಟು ನಿಂತ ಮೇಲೆ ಈ ನೆರವು ಕಡಿಮೆಯಾಗುತ್ತದೆ, ಕೆಟ್ಟ ಕೊಲೆಸ್ಟ್ರಾಲು ಏರುತ್ತದೆ, ಬಿಪಿ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವುದು 51ರ ಆಸುಪಾಸಿನಲ್ಲಿ. ನಮ್ಮಲ್ಲಿ 46ರ ಸುಮಾರಿಗೇ ನಿಲ್ಲುತ್ತದೆ.

ಅದಕ್ಕಿಂತ ಮೊದಲೇ ನಿಲ್ಲಿಸಿಕೊಂಡವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಭಾಗದಲ್ಲಿ ಮೂವತ್ತೈದು ದಾಟುವ ಮೊದಲೇ "ಗರ್ಭಚೀಲ ತೆಗಿಸೀನ್ರಿ" ಎಂದು ಹೇಳುವ ಹೆಣ್ಣುಮಕ್ಕಳು ಎಷ್ಟೋ ಜನ. ಬಿಳಿ ಸೆರಗು, ಹೊಟ್ಟೆ ನೋವು, ಮುಟ್ಟಿನ ತೊಂದರೆ, ಕೂಲಿ ತಪ್ಪುವ ಚಿಂತೆ, ಮುಂದೆ ಕ್ಯಾನ್ಸರ್ ಆಗುತ್ತದೆಂಬ ಹೆದರಿಕೆ, ಇವಿಷ್ಟೇ ಕಾರಣಕ್ಕೆ ಆಪರೇಷನ್ ಆಗಿರುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬೇಡದ ಗರ್ಭಕೋಶದ ಶಸ್ತ್ರಚಿಕಿತ್ಸೆಗಳು ನಡೆದವೆಂದು 2015ರ ಸುಮಾರಿಗೆ ಹೋರಾಟವೇ ಆಯಿತು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದಿದ್ದರೆ ಆ ಹೆಣ್ಣುಮಗಳ ಮೈಯಲ್ಲಿ ಈಸ್ಟ್ರೋಜೆನ್ ಒಂದೇ ದಿನಕ್ಕೆ ಬತ್ತುತ್ತದೆ. ಮೂವತ್ತೈದರ ಹೆಣ್ಣಿನ ರಕ್ತನಾಳಗಳಿಗೆ ಐವತ್ತರ ಕಾಲ ಬರುತ್ತದೆ. ಆಪರೇಷನ್ ಚೀಟಿಯಲ್ಲಿ ಏನು ತೆಗೆದರು ಎಂದು ಬರೆದಿರುತ್ತದೆ. ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಹೃದಯ ತೋರಿಸಲು ಹೋದಾಗ ವೈದ್ಯರಿಗೆ ಕೊಡಿ. ಆಪರೇಷನ್ ಇನ್ನೂ ಆಗಿಲ್ಲವಾದರೆ, ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ.

ಈಸ್ಟ್ರೋಜೆನ್ ಕಾಪಾಡುತ್ತದೆ ಅಂದ ಮೇಲೆ ಅದನ್ನೇ ಗುಳಿಗೆ ಮಾಡಿ ಕೊಟ್ಟರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಅಮೆರಿಕದ ವೈದ್ಯರಿಗೂ ಹಾಗೇ ಅನಿಸಿತು. ಅವರು ಮೊದಲು ಕೊಟ್ಟದ್ದು ಗಂಡಸರಿಗೆ. 1960ರ ದಶಕದಲ್ಲಿ ಆರಂಭವಾದ ಕೊರೊನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ ಒಮ್ಮೆ ಹೃದಯಾಘಾತವಾಗಿದ್ದ 8,341 ಗಂಡಸರಿದ್ದರು. ಅವರಲ್ಲಿ ಕೆಲವರಿಗೆ ಈಸ್ಟ್ರೋಜೆನ್ ಕೊಟ್ಟರು. ಹೆಚ್ಚು ಪ್ರಮಾಣದ ಗುಳಿಗೆಯನ್ನು 1970ರಲ್ಲಿ ನಿಲ್ಲಿಸಬೇಕಾಯಿತು, ಏಕೆಂದರೆ ತೆಗೆದುಕೊಂಡವರಲ್ಲಿ ಹೃದಯಾಘಾತ ಹೆಚ್ಚಾಗಿತ್ತು. ಕಡಿಮೆ ಪ್ರಮಾಣದ್ದನ್ನು 1973ರಲ್ಲಿ ನಿಲ್ಲಿಸಿದರು. ಗಂಡಸರಿಗೆ ಒಗ್ಗಲಿಲ್ಲ, ಹೆಂಗಸರಿಗೆ ಒಗ್ಗೀತು ಎಂದುಕೊಂಡು ಮುಟ್ಟು ನಿಂತ 16,608 ಹೆಂಗಸರ ಮೇಲೆ ಇನ್ನೊಂದು ಪರೀಕ್ಷೆ ನಡೆಸಿದರು. ಎರಡು ಹಾರ್ಮೋನು ಸೇರಿದ ಆ ಗುಳಿಗೆಯನ್ನು 2002ರ ಜುಲೈನಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹೃದಯ ಉಳಿಯಲೆಂದು ಕೊಟ್ಟ ಗುಳಿಗೆಯಿಂದ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಮೂರೂ ಸ್ವಲ್ಪ ಹೆಚ್ಚಿದವು. ಮುಟ್ಟು ನಿಂತು ಬಹಳ ವರ್ಷವಾದ ಮೇಲೆ ಶುರು ಮಾಡಿದವರಿಗೆ ತೊಂದರೆ ಹೆಚ್ಚು, ಬೇಗ ಶುರು ಮಾಡಿದವರಿಗೆ ಕಡಿಮೆ ಎಂದು ಆಮೇಲಿನ ವಿಶ್ಲೇಷಣೆ ಹೇಳಿತು. ಮೈ ಕಾವೇರುವುದು, ಬೆವರು, ನಿದ್ದೆಗೇಡಿಗೆ ವೈದ್ಯರು ಈಗಲೂ ಹಾರ್ಮೋನು ಕೊಡುತ್ತಾರೆ. ಆದರೆ ಹೃದಯಕ್ಕೆಂದು ಮಾತ್ರ ಕೊಡುವುದಿಲ್ಲ.

ನಿಜವಾದ ಹಾರ್ಮೋನಿನ ಕಥೆಯೇ ಹೀಗಿರುವಾಗ, ಅದರ ನೂರರಲ್ಲಿ ಒಂದು ಪಾಲು ಬಲವಿಲ್ಲದ ಕಾಳಿನ ವಸ್ತುವನ್ನು ಹೃದಯದ ಔಷಧಿ ಎಂದು ಮಾರುವವರನ್ನು ನಂಬುವುದು ಹೇಗೆ? ಸೋಯಾದ ಉದಾಹರಣೆ ನೋಡಿ. 1995ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಸೋಯಾ ಪ್ರೋಟೀನು ಕೆಟ್ಟ ಕೊಲೆಸ್ಟ್ರಾಲನ್ನು ಶೇ 13ರ ಹತ್ತಿರ ಇಳಿಸುತ್ತದೆ ಎಂದರು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನು ಹೃದಯಕ್ಕೆ ಒಳ್ಳೆಯದೆಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿತು. 2006ರ ಹೊತ್ತಿಗೆ ಅಮೆರಿಕದ ಹೃದಯ ಸಂಘ ಹೊಸ ಅಧ್ಯಯನಗಳನ್ನೆಲ್ಲ ನೋಡಿ, ಇಳಿಕೆ ಶೇ 3ರಷ್ಟು ಮಾತ್ರ, ಅದರಲ್ಲಿರುವ ಸಸ್ಯ ಈಸ್ಟ್ರೋಜೆನ್ನಿನ ಪಾತ್ರ ಕಾಣುವುದಿಲ್ಲ ಎಂದಿತು. ಒಪ್ಪಿಗೆ ಕೊಟ್ಟಿದ್ದ ಆಡಳಿತವೇ 2017ರಲ್ಲಿ ಅದನ್ನು ಹಿಂದಕ್ಕೆ ಪಡೆಯಲು ಮುಂದಾಯಿತು. ಸೋಯಾ ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದು ಒಳ್ಳೆಯ ಬೇಳೆ. ಡಬ್ಬಿಯಲ್ಲಿ ಬರುವ ಅದರ ಪುಡಿಗೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ, ಅಷ್ಟೆ.

ಅಗಸೆಯ ಲೆಕ್ಕ ಸೋಯಾಕ್ಕಿಂತ ಗಟ್ಟಿಯಾಗಿ ನಿಂತಿದೆ. ಇದು ನಮ್ಮ ಹೊಲದ್ದೇ ಕಾಳು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿಯುವ ಮೊದಲು ಸಿಂಧನೂರು ಸೀಮೆ ಒಣ ಬೇಸಾಯದ್ದು. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ಅವುಗಳ ನಡುವೆ ಅಕ್ಕಡಿ ಸಾಲಾಗಿ ಅಗಸೆ, ಕುಸುಬೆ. ನೀರು ಬಂತು, ಭತ್ತ ಬಂತು, ದಢೇಸುಗೂರಿನ ಕೃಷಿ ಸಂಶೋಧನಾ ಕೇಂದ್ರದ ಸುತ್ತಮುತ್ತೆಲ್ಲ ಈಗ ಗದ್ದೆ, ಸಿಂಧನೂರು ಭತ್ತದ ಕಣಜವೆಂದು ಹೆಸರಾಯಿತು. ಭತ್ತದಿಂದ ಬಂದ ಬದುಕನ್ನು ನಾನು ಕೀಳಾಗಿ ಕಾಣುವವಳಲ್ಲ. ಆದರೆ ಮೂರು ಹೊತ್ತೂ ಬಿಳಿ ಅನ್ನ ಉಣ್ಣುವ ಮನೆಯಲ್ಲಿ ಅಗಸೆಯ ಡಬ್ಬಿ ಖಾಲಿಯಾಗಿರುವುದನ್ನು ನೋಡಿದಾಗ ಸಂಕಟವಾಗುತ್ತದೆ. ಮಸ್ಕಿ, ಲಿಂಗಸುಗೂರು ಕಡೆಯ ಒಣ ಬೇಸಾಯದ ಮನೆಗಳಲ್ಲಿ ಆ ಡಬ್ಬಿ ಇನ್ನೂ ತುಂಬಿದೆ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯುವಾಗ ಬುತ್ತಿಯ ಗಂಟಿನಲ್ಲಿ ಅಗಸಿ ಚಟ್ನಿ ಇದ್ದೇ ಇರುತ್ತದೆ.

ನೂರು ಗ್ರಾಂ ಅಗಸೆಯಲ್ಲಿ ಲಿಗ್ನಾನ್ ಎಂಬ ಸಸ್ಯ ಈಸ್ಟ್ರೋಜೆನ್ ಸುಮಾರು 300 ಮಿಲಿಗ್ರಾಂ ಇದೆ. ದಿನನಿತ್ಯದ ಯಾವ ಆಹಾರದಲ್ಲೂ ಇಷ್ಟಿಲ್ಲ. ಅದರ ಸಮೀಪಕ್ಕಾದರೂ ಬರುವ ಒಂದೆರಡು ಕಾಳುಗಳಲ್ಲಿ ಎಳ್ಳು ಒಂದು. 2009ರಲ್ಲಿ 28 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅಗಸೆ ಕಾಳು ತಿಂದವರಲ್ಲಿ ಕೆಟ್ಟ ಕೊಲೆಸ್ಟ್ರಾಲು ಸ್ವಲ್ಪ ಇಳಿದಿತ್ತು. ಆ ಇಳಿಕೆ ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತವರಲ್ಲಿ ಹೆಚ್ಚಾಗಿ ಕಂಡಿತು. ಮೊದಲೇ ಕೊಲೆಸ್ಟ್ರಾಲು ಏರಿದ್ದವರಲ್ಲೂ ಹೆಚ್ಚು. ಬರೀ ಅಗಸೆ ಎಣ್ಣೆ ಕುಡಿದವರಲ್ಲಿ ಇಳಿಯಲಿಲ್ಲ, ಏಕೆಂದರೆ ಲಿಗ್ನಾನೂ ನಾರೂ ಇರುವುದು ಕಾಳಿನ ಸಿಪ್ಪೆ-ಹಿಟ್ಟಿನಲ್ಲಿ, ಎಣ್ಣೆಯಲ್ಲಿ ಅಲ್ಲ. ಕೆನಡಾದ ವಿನಿಪೆಗ್ ನಗರದಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡ 110 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬನ್ನು, ಮಫಿನ್ನುಗಳಲ್ಲಿ ಬೆರೆಸಿ ದಿನಕ್ಕೆ 30 ಗ್ರಾಂ ಅಗಸೆ ಪುಡಿ ಕೊಟ್ಟರು. ಆರು ತಿಂಗಳಲ್ಲಿ ಅವರ ಮೇಲಿನ ಬಿಪಿ ಇನ್ನೊಂದು ಗುಂಪಿಗಿಂತ ಸುಮಾರು 10, ಕೆಳಗಿನದು ಸುಮಾರು 7 ಕಡಿಮೆ ಇತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ರೋಗಿಗಳಲ್ಲಿ ಗಂಡಸರೇ ಹೆಚ್ಚು. ಅಗಸೆ ಹೆಂಗಸರದು ಮಾತ್ರ ಎನ್ನುವವರಿಗೆ ಇದನ್ನು ಹೇಳಿ. ಆ ರೋಗಿಗಳು ತಮ್ಮ ಗುಳಿಗೆಗಳನ್ನು ನುಂಗುತ್ತಲೇ ಅಗಸೆ ತಿಂದರು, ಬಿಟ್ಟು ತಿಂದದ್ದಲ್ಲ. ಇದನ್ನು ಹೆಂಗಸರಿಗೆ ಹೇಳಿ.

ಈ ಗುಣವೆಲ್ಲ ಸಸ್ಯ ಈಸ್ಟ್ರೋಜೆನ್ನಿನದೇ ಎಂದು ನಾನು ಹೇಳುವುದಿಲ್ಲ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಜಾತಿಯ ಕೊಬ್ಬು. ಕಾಳಿನ ಕಾಲುಭಾಗದಷ್ಟು ನಾರು. ನಾರು, ಕೊಬ್ಬು, ಲಿಗ್ನಾನ್ ಮೂರೂ ಒಟ್ಟಾಗಿ ಮೈಗೆ ಹೋಗುತ್ತವೆ. ಅವನ್ನು ಬೇರ್ಪಡಿಸಿ ಕ್ಯಾಪ್ಸೂಲ್ ಮಾಡುವುದಕ್ಕಿಂತ ರೊಟ್ಟಿಯ ಜೊತೆ ತಿನ್ನುವುದೇ ಲೇಸು.

ಲಿಗ್ನಾನ್ ಹೊಟ್ಟೆಗೆ ಹೋದ ಕೂಡಲೆ ಕೆಲಸಕ್ಕೆ ಬರುವುದಿಲ್ಲ. ನಮ್ಮ ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಒಡೆದು ಎಂಟರೊಲ್ಯಾಕ್ಟೋನ್ ಎಂಬ ವಸ್ತುವಾಗಿ ಮಾರ್ಪಡಿಸಬೇಕು. ಮನುಷ್ಯರ ಮೂತ್ರದಲ್ಲಿ ಅದನ್ನು 1980ರ ಸುಮಾರಿಗೆ ಗುರುತಿಸಿದರು. ಫಿನ್ಲೆಂಡಿನ ಕುಯೋಪಿಯೊ ಪಟ್ಟಣದ ಸುತ್ತಲಿನ ಗಂಡಸರ ರಕ್ತದಲ್ಲಿ ಇದನ್ನು ಅಳೆದು, 1999ರಲ್ಲಿ ಪ್ರಕಟಿಸಿದರು: ಎಂಟರೊಲ್ಯಾಕ್ಟೋನ್ ಹೆಚ್ಚಿದ್ದ ಗಂಡಸರಿಗೆ ಹೃದಯಾಘಾತ ಗಣನೀಯವಾಗಿ ಕಡಿಮೆ. ಬೇರೆ ಗಂಡಸರಲ್ಲಿ ನೋಡಿದಾಗ ಸಂಬಂಧ ಇಷ್ಟು ಬಲವಾಗಿ ಕಾಣಲಿಲ್ಲ, ಆದರೆ ಹಾನಿಯಂತೂ ಕಾಣಲಿಲ್ಲ. ಅದೇ ದೇಶದಲ್ಲಿ 2002ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಆಂಟಿಬಯೋಟಿಕ್ ಗುಳಿಗೆ ತೆಗೆದುಕೊಂಡವರ ರಕ್ತದಲ್ಲಿ ಈ ವಸ್ತು ಕುಸಿದಿತ್ತು. ಕರುಳಿನ ಸೂಕ್ಷ್ಮಾಣುಗಳು ಸತ್ತರೆ ಅಗಸೆಯ ಲಿಗ್ನಾನಿನಿಂದ ಹೆಚ್ಚು ಫಲವಿಲ್ಲ. ನೆಗಡಿ ಬಂದರೂ, ಮೈ ನೋವು ಬಂದರೂ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ನುಂಗುವ ನಮ್ಮ ಊರುಗಳ ರೂಢಿ ನನ್ನನ್ನು ಬಹಳ ಕಾಡುತ್ತದೆ. ಬೇಕಾದಾಗ ಅವು ಜೀವ ಉಳಿಸುತ್ತವೆ, ಬೇಡದಾಗ ತೆಗೆದುಕೊಂಡರೆ ಮೈಯೊಳಗಿನ ನೆರವಿನವರನ್ನೇ ಕೊಲ್ಲುತ್ತವೆ.

ಇನ್ನು ಗಂಡಸರ ಅಂಜಿಕೆ. ಅಣ್ಣಂದಿರೇ, ನಿಮ್ಮ ಮೈಯಲ್ಲೂ ಈಸ್ಟ್ರೋಜೆನ್ ಇದೆ. ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರೋನಿನ ಒಂದು ಪಾಲನ್ನು ಮೈ ತಾನೇ ಈಸ್ಟ್ರೋಜೆನ್ ಮಾಡಿಕೊಳ್ಳುತ್ತದೆ. ಅರವತ್ತರ ಗಂಡಸಿನ ರಕ್ತದಲ್ಲಿ ಅದು ಅರವತ್ತರ ಅವನ ಹೆಂಡತಿಯ ರಕ್ತದಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. 1994ರಲ್ಲಿ ಅಮೆರಿಕದಲ್ಲಿ 28 ವರ್ಷದ ಒಬ್ಬ ಯುವಕನ ವಿಷಯ ವರದಿಯಾಯಿತು. ಹುಟ್ಟಿನಿಂದಲೇ ಅವನ ಮೈಗೆ ಈಸ್ಟ್ರೋಜೆನ್ನನ್ನು ಹಿಡಿದುಕೊಳ್ಳುವ ಶಕ್ತಿ ಇರಲಿಲ್ಲ. ಅವನ ಮೂಳೆ ಟೊಳ್ಳಾಗಿತ್ತು, ಆಮೇಲೆ ನೋಡಿದರೆ ಹೃದಯದ ರಕ್ತನಾಳದಲ್ಲೂ ಎಳೆ ವಯಸ್ಸಿಗೇ ರೋಗ ಶುರುವಾಗಿತ್ತು. ಸಸ್ಯ ಈಸ್ಟ್ರೋಜೆನ್ ಹೆಚ್ಚಾಗಿ ಅಂಟಿಕೊಳ್ಳುವ ಬೀಟಾ ಎಂಬ ಗ್ರಾಹಕವನ್ನು, ಅಂದರೆ ಮೈಯೊಳಗಿನ ಆ ತೂಬಿನ ಒಂದು ಗೇಟನ್ನು, 1996ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕಂಡುಹಿಡಿದದ್ದು ಗಂಡು ಇಲಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಈಸ್ಟ್ರೋಜೆನ್ ಗಂಡು ಮೈಗೆ ಹೊರಗಿನ ವಸ್ತುವಲ್ಲ. ಸೋಯಾದ ಸಸ್ಯ ಈಸ್ಟ್ರೋಜೆನ್ ಕುರಿತು 2010ರಲ್ಲಿ, ಮತ್ತೆ 2021ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಂಡಸರ ಟೆಸ್ಟೋಸ್ಟೆರೋನ್ ಇಳಿದದ್ದು ಕಾಣಲಿಲ್ಲ. ಎದೆ ದಪ್ಪಗಾದ ಅರವತ್ತರ ಒಬ್ಬರ ವಿಷಯ 2008ರಲ್ಲಿ ವರದಿಯಾಗಿತ್ತು. ಅವರು ದಿನಕ್ಕೆ ಮೂರು ಲೀಟರಿನಷ್ಟು ಸೋಯಾ ಹಾಲು ಕುಡಿಯುತ್ತಿದ್ದರು, ಬಿಟ್ಟ ಮೇಲೆ ಸರಿಹೋಯಿತು.

ಒಂದು ಅಧ್ಯಯನ ಮಾತ್ರ ಗಂಡು-ಹೆಣ್ಣಿನ ನಡುವೆ ದೊಡ್ಡ ವ್ಯತ್ಯಾಸ ತೋರಿಸಿತು, ಮೊಬೈಲಿನ ವಿಡಿಯೊಗಳಲ್ಲಿ ಅಂಜಿಸುವವರು ಹಿಡಿದುಕೊಳ್ಳುವುದು ಇಂಥದ್ದನ್ನೇ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಲೆಸ್ಲಿ ಲೈನ್‌ವಾಂಡ್ ಅವರ ಪ್ರಯೋಗಾಲಯ 2006ರಲ್ಲಿ ಇದನ್ನು ಪ್ರಕಟಿಸಿತು. ಹೃದಯದ ಸ್ನಾಯು ದಪ್ಪಗಾಗುವ ಅನುವಂಶಿಕ ರೋಗವಿರುವ ಸಣ್ಣ ಇಲಿಗಳಿಗೆ ಸೋಯಾ ಆಹಾರ ಕೊಟ್ಟಾಗ ಗಂಡು ಇಲಿಗಳ ಹೃದಯ ಸೋತುಹೋಯಿತು. ಹಾಲಿನ ಪ್ರೋಟೀನಾದ ಕೇಸೀನ್ ಆಹಾರಕ್ಕೆ ಬದಲಿಸಿದ ಗಂಡು ಇಲಿಗಳ ಹೃದಯ ಅಷ್ಟು ಕೆಡಲಿಲ್ಲ. ಹೆಣ್ಣು ಇಲಿಗಳಿಗೆ ಸೋಯಾದಿಂದ ಅಂಥ ಹಾನಿ ಆಗಲಿಲ್ಲ. ಒಂದೇ ಆಹಾರ, ಒಂದೇ ರೋಗ, ಲಿಂಗ ಬೇರೆಯಾದರೆ ಫಲ ಬೇರೆ ಎಂಬುದು ವಿಜ್ಞಾನಕ್ಕೆ ದೊಡ್ಡ ಪಾಠ. ಔಷಧಿಯನ್ನಾಗಲಿ ಆಹಾರವನ್ನಾಗಲಿ ಗಂಡಸರ ಮೇಲೆ ಮಾತ್ರ ಪರೀಕ್ಷಿಸಿ ಹೆಂಗಸರಿಗೂ ಅದೇ ಎನ್ನಬಾರದು ಎಂದು ಅದು ತೋರಿಸಿತು. ಆದರೆ ಅವು ರೋಗದೊಂದಿಗೇ ಹುಟ್ಟಿದ ಇಲಿಗಳು, ಸೋಯಾ ಅವುಗಳ ನಿತ್ಯದ ಕೂಳು. ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವುಗಳಿದ್ದರೆ ಎಕೋ ಪರೀಕ್ಷೆ ಮಾಡಿಸಿಕೊಳ್ಳಿ. ಅದಕ್ಕೂ ಅಗಸಿ ಚಟ್ನಿಗೂ ಸಂಬಂಧ ಕಟ್ಟಬೇಡಿ.

ತಿನ್ನುವುದು ಹೇಗೆ? ಇಡೀ ಕಾಳು ನುಂಗಿದರೆ ಅದು ನುಂಗಿದ ಹಾಗೆಯೇ ಹೊರಗೆ ಹೋಗುತ್ತದೆ. ಅದರ ಸಿಪ್ಪೆ ಅಷ್ಟು ಜಾರು, ಅಷ್ಟು ಗಟ್ಟಿ. ನಮ್ಮ ಅವ್ವಂದಿರು ಇದನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಕಬ್ಬಿಣದ ಹಂಚು, ಸಣ್ಣ ಉರಿ. ಅಗಸೆ ಚಟಪಟ ಸಿಡಿದು ಬಣ್ಣ ತುಸು ಕಂದಾಗುತ್ತಲೇ ಕೆಳಗಿಳಿಸಿ, ಮೊರದಲ್ಲಿ ಹರವಿ ಆರಿಸುತ್ತಾರೆ. ಆಮೇಲೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕರಿಬೇವು, ಒಂದು ಚೂರು ಹುಣಸೆಹಣ್ಣು, ಉಪ್ಪು ಹಾಕಿ ಒಳ್ಳಿನಲ್ಲಿ ಕುಟ್ಟುತ್ತಾರೆ. ಬೆರಳ ನಡುವೆ ಉಜ್ಜಿದರೆ ಜಿಡ್ಡು ಹತ್ತಬೇಕು, ಇಡೀ ಕಾಳು ಸಿಗಬಾರದು. ಹುರಿದಾಗ ಹಸಿ ಅಗಸೆಯಲ್ಲಿರುವ ಬೇಡದ ಅಂಶವೂ ಕಡಿಮೆಯಾಗುತ್ತದೆ. ಕುಟ್ಟಿದ ಪುಡಿ ಬೇಗ ಕಮಟು ಹಿಡಿಯುತ್ತದೆ, ಅದಕ್ಕೇ ಹದಿನೈದು ದಿನಕ್ಕಾಗುವಷ್ಟು ಮಾತ್ರ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ರೊಟ್ಟಿಗೆ ಒಂದು ಚಮಚ, ಮೊಸರನ್ನಕ್ಕೆ ಒಂದು ಚಮಚ, ಪಲ್ಯಕ್ಕೆ ಒಂದು ಚಮಚ, ಹೀಗೆ ದಿನಕ್ಕೆ ಎರಡು ಮೂರು ದೊಡ್ಡ ಚಮಚ ಸಾಕು. ಜೊತೆಗೆ ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಅದರ ನಾರು ಹೊಟ್ಟೆ ಕಟ್ಟುತ್ತದೆ. ಉಪ್ಪಿನ ವಿಷಯದಲ್ಲಿ ಮಾತ್ರ ಅವ್ವನ ಕೈಯನ್ನು ಹಿಡಿಯಬೇಕು. ಬಿಪಿ ಇಳಿಸಲೆಂದು ಅಗಸೆ ತಿಂದು, ಅದೇ ಚಟ್ನಿಯಲ್ಲಿ ಎರಡು ಹಿಡಿ ಉಪ್ಪು ಹಾಕಿದರೆ ಅಗಸೆ ಮಾಡಿದ್ದನ್ನು ಉಪ್ಪು ಕೆಡಿಸುತ್ತದೆ. ಎಂದಿನ ಅರ್ಧದಷ್ಟು ಉಪ್ಪು ಹಾಕಿ, ಹುಣಸೆ ಒಂದಿಷ್ಟು ಮುಂದು ಮಾಡಿ.

ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರು, ಬಸುರಿಯರು, ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಚಟ್ನಿಯ ಪ್ರಮಾಣಕ್ಕಿಂತ ಹೆಚ್ಚು ತಿನ್ನುವ ಮೊದಲು ತಮ್ಮ ವೈದ್ಯರನ್ನು ಕೇಳಲಿ.

ಇಷ್ಟು ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಉಳಿಯುವ ದೊಡ್ಡ ಚಿಂತೆ ಅಗಸೆಯದಲ್ಲ. ಹೆಂಗಸಿಗೆ ಹೃದಯಾಘಾತವಾಗುವುದಿಲ್ಲ ಎಂಬ ನಮ್ಮ ಊರಿನ ನಂಬಿಕೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ಶೇ 24 ಮಂದಿಗೆ ಬಿಪಿ ಇದ್ದರೆ ಹೆಂಗಸರಲ್ಲಿ ಶೇ 21 ಮಂದಿಗೆ ಇದೆ. ಇದರಲ್ಲಿ ದೊಡ್ಡ ಅಂತರವೇನಿದೆ? ಬೀಡಿ ಗಂಡಸರದೆಂದರೆ, ಎಲೆ-ಅಡಿಕೆಯ ಜೊತೆಗಿನ ತಂಬಾಕು ಹೆಂಗಸರದು, ಒಲೆಯ ಹೊಗೆಯೂ ಅವರದೇ.

ಭತ್ತ ಹಚ್ಚುವ ದಿನಗಳಲ್ಲಿ ಒಬ್ಬ ತಾಯಿಯನ್ನು ಕರೆತಂದಿದ್ದರು. ಐವತ್ತು ದಾಟಿದವರು. ಕೆಸರಿನಲ್ಲಿ ಬಗ್ಗಿ ಹಚ್ಚುವಾಗ ಬೆನ್ನು, ದವಡೆ ಹಿಡಿದಂತಾಗಿದೆ, ವಾಂತಿ ಬಂದಿದೆ, ಬೆವೆತಿದ್ದಾರೆ. "ಗ್ಯಾಸ್ ಆಗ್ಯಾದ" ಎಂದು ಸೋಡಾ ಕುಡಿಸಿದ್ದಾರೆ, ಆಮೇಲೆ ಗ್ಯಾಸಿನ ಸೂಜಿ ಹಾಕಿಸಿದ್ದಾರೆ. ಇಸಿಜಿ ತೆಗೆದದ್ದು ಮರುದಿನ. ಅವರ ಗಂಡನಿಗೆ ಹಿಂದೊಮ್ಮೆ ಎದೆ ನೋವು ಬಂದಾಗ ಅರ್ಧ ಗಂಟೆಯಲ್ಲಿ ಗಾಡಿ ಮಾಡಿಕೊಂಡು ಊರು ದಾಟಿದ್ದರು. ಆ ತಾಯಿ ಉಳಿದರು, ಆದರೆ ಹೃದಯದ ಒಂದು ಭಾಗ ಸೋತಿತು. ಈಗ ಮೆಟ್ಟಿಲು ಹತ್ತಿದರೆ ಏದುಸಿರು.

ಹೆಂಗಸಿನಲ್ಲೂ ಎದೆ ನೋವೇ ಮುಖ್ಯ ಲಕ್ಷಣ. ಆದರೆ ಗಂಡಸರಿಗಿಂತ ಹೆಚ್ಚಾಗಿ ಅವರಿಗೆ ಉಸಿರು ಹತ್ತುವುದು, ವಾಕರಿಕೆ, ದವಡೆ-ಬೆನ್ನು-ಭುಜದ ನೋವು, ಕಾರಣವಿಲ್ಲದ ದಣಿವು ಜೊತೆಗೂಡುತ್ತವೆ. ನಲವತ್ತೈದು ದಾಟಿದ, ಇಲ್ಲವೆ ಗರ್ಭಕೋಶ-ಅಂಡಾಶಯ ತೆಗೆಸಿಕೊಂಡ, ಬಿಪಿ ಇಲ್ಲವೆ ಶುಗರ್ ಇರುವ ಹೆಣ್ಣುಮಗಳಿಗೆ ಇವು ಹತ್ತು ಹದಿನೈದು ನಿಮಿಷ ನಿಲ್ಲದೆ ಇದ್ದರೆ ಗ್ಯಾಸ್ ಎಂದುಕೊಳ್ಳಬೇಡಿ, 108ಕ್ಕೆ ಫೋನ್ ಮಾಡಿ. ಇಸಿಜಿ ಐದು ನಿಮಿಷದ ಕೆಲಸ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಿಂದ ಇಸಿಜಿಯನ್ನು ಜಯದೇವ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಕಳುಹಿಸಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿ ತಿಳಿದುಕೊಂಡಿರಿ. ಈ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ಬಿದ್ದರೆ ಹೆಚ್ಚು ಕೆಲಸ ಮಾಡುತ್ತದೆ. ರಾತ್ರಿಯಾಗಿದ್ದರೂ ಹೊರಡಿ, ಅಡುಗೆ ಆಗಲಿ, ಹಾಲು ಹಿಂಡಿ ಬರುತ್ತೇನೆ ಎಂದು ಆಕೆ ಹೇಳಿದರೂ ಕೇಳಬೇಡಿ. ಆಕೆ ದಿನಾ ನುಂಗುವ ಗುಳಿಗೆಗಳ ಚೀಟಿ, ಹಳೆಯ ಆಪರೇಷನ್ನಿನ ಚೀಟಿ ಎರಡನ್ನೂ ಜೊತೆಗೆ ತೆಗೆದುಕೊಳ್ಳಿ.